ಅಪ್‌ಡೇಟ್: ಪುಣೆ–ಚಿಯಾಂಗ್ ಮಾಯ್ ಓಡಾಟ ಮತ್ತು ನಿವೃತ್ತಿ ವೀಸಾ

ವರ್ಷದ ಅರ್ಧಭಾಗ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿದ್ದು, ಮೊಮ್ಮಗಳ ನೆಪದಲ್ಲಿ ಮೂರ್ನಾಲ್ಕು ಬಾರಿ ಪುಣೆಗೆ ಬಂದುಹೋದರೆ ನಿವೃತ್ತಿ ವೀಸಾ ಉಳಿಯುತ್ತದೆಯೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ನಮಸ್ಕಾರ.

ಉಳಿಯುತ್ತದೆ, ಆದರೆ ಒಂದು ತೊಡಕಿದೆ. ನಾವು ಆರಿಸಿಕೊಂಡಿರುವ ಓ-ಎ ಎಂಬ ಬಗೆಯ ನಿವೃತ್ತಿ ವೀಸಾದಲ್ಲಿ ಮೊದಲ ವರ್ಷ ಎಷ್ಟು ಸಲ ಬೇಕಾದರೂ ಹೋಗಿಬರಬಹುದು. ಆಮೇಲೆ ಅಲ್ಲಿಯೇ ವಾಸ್ತವ್ಯ ವಿಸ್ತರಿಸಿಕೊಂಡರೆ, ಹೊರಡುವ ಮುನ್ನ ಮರುಪ್ರವೇಶದ ಪರವಾನಗಿ ಪಡೆಯಲೇಬೇಕು: ಒಂದು ಸಲಕ್ಕೆ 1,000 ಬಾತ್ (ಅಲ್ಲಿನ ಹಣ), ಹಲವು ಸಲಕ್ಕೆ 3,800. ಮರೆತು ವಿಮಾನ ಹತ್ತಿದರೆ ವಿಸ್ತರಣೆಯೇ ರದ್ದು. ಇಲ್ಲಿನ ಏಜೆಂಟ್ ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ; ಶುಲ್ಕ ಎಣಿಸುವಾಗ ಮಾತ್ರ ಬಹಳ ಚುರುಕು.

90 ದಿನಕ್ಕೊಮ್ಮೆ ವಿಳಾಸ ವರದಿ ಮಾಡುವ ನಿಯಮಕ್ಕೆ ನಾನು ಸುಮ್ಮನೆ ಹೆದರಿದ್ದೆ. ದೇಶ ಬಿಟ್ಟು ಮರಳಿದರೆ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ. ನಮ್ಮಂಥ ಅಲೆಮಾರಿಗಳಿಗೆ ಅದು ತಾಗುವುದೇ ಅಪರೂಪ.

ಹಣದ ವಿಷಯದಲ್ಲಿ ನನ್ನವಳದೇ ಜಾಣತನ. ವೀಸಾಕ್ಕಾಗಿ ತೋರಿಸಬೇಕಾದ ಎಂಟು ಲಕ್ಷ ಬಾತ್ ಅಲ್ಲಿಗೆ ಕಳಿಸಲು ನಾನು ಹೊರಟಿದ್ದೆ. ಭಾರತದಿಂದಲೇ ಅರ್ಜಿ ಹಾಕುವಾಗ ಅಷ್ಟು ಮೊತ್ತ ಇಲ್ಲಿನ ಬ್ಯಾಂಕಿನಲ್ಲಿದ್ದರೂ ಸಾಕೆಂದು ಅವಳೇ ಓದಿ ತೋರಿಸಿದಳು. ಕಳಿಸಿದ್ದರೆ ಹತ್ತು ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಶೇ. 20 ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ಕಡಿತವಾಗುತ್ತಿತ್ತು; ಆಮೇಲೆ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ನಿಜ, ಅಲ್ಲಿಯವರೆಗೆ ಕಾಯಬೇಕಲ್ಲ!

ಪೊಲೀಸ್ ಪ್ರಮಾಣಪತ್ರ ಕೈಸೇರಿದೆ. ವೈದ್ಯಕೀಯ ಪತ್ರ, ವಿಮೆ ಬಾಕಿ ಇವೆ. ಗಣೇಶನನ್ನು ಕಳುಹಿಸಿಕೊಟ್ಟ ಮೇಲೆಯೇ ಅರ್ಜಿ.