ನೂರು ಸೀಟು, ನಲವತ್ತು ರೋಗಿಗಳು, ಒಬ್ಬಳು ಸಿಸ್ಟರ್

ಗುಂಪು: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) 1998ರ ಬ್ಯಾಚ್
ಗುರುವಾರ, 27 ಏಪ್ರಿಲ್ 2023

ರೇಣುಕಾ, ಸಂಜೆ 6.40
(ಬಂದ ಸುದ್ದಿ) ದೇಶದಲ್ಲಿ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳಿಗೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ. ವೆಚ್ಚ 1,570 ಕೋಟಿ ರೂಪಾಯಿ. 2014ರ ನಂತರ ಆರಂಭವಾದ ಮೆಡಿಕಲ್ ಕಾಲೇಜುಗಳ ಜೊತೆಯಲ್ಲೇ ಸ್ಥಾಪನೆ. ವರ್ಷಕ್ಕೆ ಸುಮಾರು 15,700 ಪದವೀಧರ ನರ್ಸ್‌ಗಳು. ಎರಡು ವರ್ಷದಲ್ಲಿ ಪೂರ್ಣ.

ರೇಣುಕಾ, 6.43
ಎಲ್ಲರೂ ಓದಿ. ನಮ್ಮ ರಾಜ್ಯಕ್ಕೆ ನಾಲ್ಕು: ಹಾವೇರಿ, ಯಾದಗಿರಿ, ಚಿಕ್ಕಮಗಳೂರು, ಚಿಕ್ಕಬಳ್ಳಾಪುರ. ಹೋದ ವಾರ ದೊಡ್ಡ ಮಗಳ ಪಿಯುಸಿ ಫಲಿತಾಂಶ ಬಂತು, ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳಿಗೆ ಈ ಕಾಲೇಜು ಸಿಗುವುದಿಲ್ಲ, ಆದರೆ ಚಿಕ್ಕವಳು ಓದುವ ಹೊತ್ತಿಗೆ ಹಾವೇರಿಯಲ್ಲೇ ಇರುತ್ತದೆ. ಮನೆ ಮುಂದಿನಿಂದ ಬಸ್ಸು!

ಮಂಜುಳಾ (ಅಡ್ಮಿನ್), 6.50
ಬಹಳ ಸಂತೋಷ. ಒಂದೇ ಮಾತು: ಮೇ 10ಕ್ಕೆ ಮತದಾನ. ಗುಂಪಿನಲ್ಲಿ ಪಕ್ಷದ ಮಾತು ಬೇಡ.

ಶೈಲಜಾ, 7.15
ಪಕ್ಷ ಯಾವುದಾದರೂ ಇರಲಿ, ಕಾಲೇಜು ಬೇಡ ಎಂದು ನಾನಂತೂ ಹೇಳುವುದಿಲ್ಲ. ಯಾದಗಿರಿಯ ಹುಡುಗಿ ಬೆಂಗಳೂರಿನ ಹಾಸ್ಟೆಲ್ ಶುಲ್ಕ ಕಟ್ಟಲಾಗದೆ ಓದು ಬಿಡುವುದು ತಪ್ಪಿದರೆ ಅಷ್ಟೇ ಸಾಕು. ಆದರೆ ರೇಣುಕಾ, ನೀನು ಹಾಕಿದ್ದನ್ನು ಎರಡು ಸಲ ಓದಿದೆ. ಕಾಲೇಜು ಇದೆ, ಕೋಟಿ ಇದೆ, ವರ್ಷಕ್ಕೆ ಎಷ್ಟು ಜನ ಎಂಬುದೂ ಇದೆ. ಹುದ್ದೆ ಎಂಬ ಪದ ಎಲ್ಲಿಯೂ ಇಲ್ಲ. ಓದಿ ಮುಗಿಸಿದವಳು ಯಾವ ವಾರ್ಡಿನಲ್ಲಿ, ಎಷ್ಟು ಸಂಬಳಕ್ಕೆ, ಎಷ್ಟು ರೋಗಿಗಳ ನಡುವೆ ನಿಲ್ಲುತ್ತಾಳೆ?

ರೇಣುಕಾ, 7.19
ಒಳ್ಳೆಯದು ಬಂದಾಗಲೂ ಕೊಂಕು ತೆಗೆಯಬೇಡ ಶೈಲಾ. ಓದಿದವರು ಬಂದರೆ ತಾನೇ ಹುದ್ದೆ ತುಂಬುವುದು? ವಾರ್ಡಿನಲ್ಲಿ ಜನ ಸಾಲದು ಎಂದು ಪ್ರತಿ ಸಲ ಹೇಳುವವಳು ನೀನೇ.

ಶೈಲಜಾ, 7.24
ಜನ ಸಾಲದಿರುವುದು ಓದಿದವರು ಇಲ್ಲದ್ದರಿಂದಲ್ಲ. ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜಿಗೆ ಯಾವಾಗ ಬರ ಬಂದಿತ್ತು? ಕೇರಳದಿಂದ, ಬಂಗಾಳದಿಂದ, ಮಣಿಪುರದಿಂದ ಮಕ್ಕಳು ಇಲ್ಲಿಗೆ ಬಂದು ಓದಿಕೊಂಡು ಹೋಗುತ್ತಾರೆ. ಉತ್ತರದ ಎಷ್ಟೋ ಜಿಲ್ಲೆಗಳಲ್ಲಿ ಕಾಲೇಜೇ ಇಲ್ಲ, ಅಲ್ಲಿಗೆ ಈ ಹಣ ಹೋಗಲೇಬೇಕು. ನಮ್ಮಲ್ಲಿ ಮುಗಿಸಿದವರು ಎಲ್ಲಿಗೆ ಹೋದರು ಎಂದು ಕೇಳಬೇಕು.

ಲಿಲ್ಲಿ, 7.40
ಕಾಲೇಜಿನಲ್ಲಿ ಪಾಠ ಮಾಡುವವಳಾಗಿ ನನ್ನದೊಂದು ಲೆಕ್ಕ. 1,570 ಕೋಟಿಯನ್ನು 157ಕ್ಕೆ ಹಂಚಿದರೆ ಕಾಲೇಜಿಗೆ ಹತ್ತು ಕೋಟಿ. 15,700 ಎಂದರೆ ಕಾಲೇಜಿಗೆ ವರ್ಷಕ್ಕೆ ನೂರು ಸೀಟು. ನಾಲ್ಕು ವರ್ಷದ ಕೋರ್ಸು, ಅಂದರೆ ನಾನೂರು ಮಕ್ಕಳು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಬೇಕು. ಒಂದು ಕಾಲೇಜಿಗೆ ನಲವತ್ತು ಜನ, ಎಲ್ಲಕ್ಕೂ ಸೇರಿ ಆರು ಸಾವಿರಕ್ಕೂ ಹೆಚ್ಚು. ಕಟ್ಟಡ ಎರಡು ವರ್ಷದಲ್ಲಿ ಏಳಬಹುದು. ಎಂಎಸ್ಸಿ ಮಾಡಿದ ಬೋಧಕಿ ತಯಾರಾಗಲು ಬಿಎಸ್ಸಿಗೆ ನಾಲ್ಕು, ಅನುಭವಕ್ಕೆ ಒಂದು, ಎಂಎಸ್ಸಿಗೆ ಎರಡು, ಒಟ್ಟು ಏಳು ವರ್ಷ ಬೇಕು.

ಹೋದ ತಿಂಗಳು ಒಂದು ಆಸ್ಪತ್ರೆಯ ವಾರ್ಡಿನಲ್ಲಿ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ) ಹಾಕುವುದನ್ನು ತೋರಿಸುತ್ತಿದ್ದೆ. ಒಂದು ಹಾಸಿಗೆ, ಸುತ್ತಲೂ ಇಪ್ಪತ್ತೆರಡು ಮಕ್ಕಳು. ಆ ಅಜ್ಜ ಕಣ್ಣು ಮುಚ್ಚಿಕೊಂಡು ನುಂಗಲು ಪ್ರಯತ್ನಿಸುತ್ತಿದ್ದರು. ಕೊನೆಯ ಸಾಲಿನವಳಿಗೆ ಕಂಡದ್ದು ನನ್ನ ಬೆನ್ನು ಮಾತ್ರ. ಅವಳೂ ಪಾಸಾಗುತ್ತಾಳೆ, ರಿಜಿಸ್ಟ್ರೇಷನ್ ಪಡೆಯುತ್ತಾಳೆ. ಯಾರದೋ ಮೂಗಿಗೆ ನಳಿಕೆ ಹಾಕುವ ಮೊದಲ ದಿನ ಅವಳ ಪಕ್ಕದಲ್ಲಿ ಯಾರಿರುತ್ತಾರೆ?

ರೇಣುಕಾ, 7.46
ಹಾಗಾದರೆ ಕಾಲೇಜೇ ಬೇಡವೇ? ನೀವೆಲ್ಲ ಕೆಲಸದಲ್ಲಿ ಇದ್ದೀರಿ, ಸುಲಭವಾಗಿ ಹೇಳುತ್ತೀರಿ. ನಾನು ಮದುವೆಯಾದ ಮೇಲೆ ಬಿಟ್ಟವಳು. ನನ್ನ ಮಕ್ಕಳಾದರೂ ಓದಲಿ ಎಂಬ ಆಸೆ.

ಶೈಲಜಾ, 8.30
ರೇಣುಕಾ, ಚಪಾತಿ ಲಟ್ಟಿಸಿಟ್ಟು ಬರೆಯುತ್ತಿದ್ದೇನೆ, ಉದ್ದವಾಗುತ್ತದೆ, ಕ್ಷಮಿಸು.

ಪುರುಷರ ಮೆಡಿಕಲ್ ವಾರ್ಡ್, ರಾತ್ರಿ ಪಾಳಿ. ಮೂವತ್ತು ಹಾಸಿಗೆ, ನಲವತ್ತು ರೋಗಿಗಳು, ಮಿಕ್ಕವರಿಗೆ ನೆಲದ ಮೇಲೆ ಚಾಪೆ. ನಾನೊಬ್ಬಳು, ಒಬ್ಬ ಗ್ರೂಪ್ ಡಿ. ನಿಯಮದಲ್ಲಿ ಬರೆದಿರುವುದು ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು. ಹನ್ನೆರಡನೆಯ ಹಾಸಿಗೆಯಲ್ಲಿ ಡೆಂಗಿ ಬಂದ ಹುಡುಗ, ಗಂಟೆಗೊಮ್ಮೆ ಬಿಪಿ ನೋಡಬೇಕು. ಒಂದು ಗಂಟೆಗೆ ನೋಡಿದಾಗ 100/70 ಇತ್ತು. ಎರಡಕ್ಕೆ ಅವನ ಕಡೆ ಹೊರಟೆ, ಅಷ್ಟರಲ್ಲಿ ಹಾವು ಕಚ್ಚಿದವನನ್ನು ಹೊತ್ತು ತಂದರು. ಹತ್ತು ವಯಲ್ ಆಂಟಿವೆನಮ್ ಕಲಸಿ ಡ್ರಿಪ್ಪಿಗೆ ಹಾಕಿ ಅಲ್ಲೇ ನಿಂತೆ. ಅದನ್ನು ಹಾಕಿ ತಿರುಗಿ ಹೋಗುವಂತಿಲ್ಲ, ಒಗ್ಗದಿದ್ದರೆ ನೋಡುತ್ತಿದ್ದಂತೆಯೇ ಉಸಿರು ಕಟ್ಟುತ್ತದೆ. ಹುಡುಗನ ಹತ್ತಿರ ಹೋದಾಗ ಮೂರೂವರೆ. ಬಾಟಲಿ ಖಾಲಿಯಾಗಿ ನಳಿಕೆಯಲ್ಲಿ ರಕ್ತ ಮೇಲೇರಿತ್ತು. ಅವನ ತಾಯಿ ಅದನ್ನೇ ನೋಡುತ್ತ ಕುಳಿತಿದ್ದಳು. "ನೀವು ಓಡಾಡುತ್ತಲೇ ಇದ್ದಿರಿ ಅಕ್ಕಾ, ಕರೆಯಲು ಮನಸ್ಸಾಗಲಿಲ್ಲ" ಎಂದಳು. ಹುಡುಗನ ಕೈ ತಣ್ಣಗಾಗಿತ್ತು, ಬಿಪಿ 84/68. ಡಾಕ್ಟರನ್ನು ಎಬ್ಬಿಸಿದೆ, ಇಬ್ಬರೂ ಸೇರಿ ಫ್ಲೂಯಿಡ್ ಓಡಿಸಿದೆವು. ಉಳಿದ.

ಚಾರ್ಟಿನಲ್ಲಿ ಎರಡು ಗಂಟೆಯ ಮನೆ, ಮೂರು ಗಂಟೆಯ ಮನೆ ಖಾಲಿ ಬಿಟ್ಟೆ. ಏನೋ ಒಂದು ಸಂಖ್ಯೆ ತುಂಬಿಸಬಹುದಿತ್ತು, ತುಂಬಿಸಲಿಲ್ಲ. ಬೆಳಿಗ್ಗೆ ನನಗೆ ಮೆಮೊ ಬಂತು.

ಅದೇ ವಾರ್ಡಿಗೆ ಹೋದ ವರ್ಷ ಬಿಎಸ್ಸಿ ಮುಗಿಸಿದ ಹುಡುಗಿಯೊಬ್ಬಳು ಗುತ್ತಿಗೆಯ ಮೇಲೆ ಬಂದಿದ್ದಳು. ನಾಳವೇ ಸಿಗದ ಮುದುಕರಿಗೂ ಒಂದೇ ಚುಚ್ಚಿಗೆ ಕ್ಯಾನುಲಾ ಹಾಕುವಷ್ಟು ನಯವಾದ ಕೈ. ಏಳು ತಿಂಗಳು ಇದ್ದಳು. ಈಗ ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್, ಅಮೆರಿಕದ ವಿಮೆ ಬಿಲ್ಲುಗಳಿಗೆ ಸಂಕೇತ ಸಂಖ್ಯೆ ಹಾಕುತ್ತಾಳೆ. ಅವಳಂಥವರನ್ನು ಉಳಿಸಿಕೊಳ್ಳಲು ಆ 1,570 ಕೋಟಿಯಲ್ಲಿ ಎಷ್ಟಿದೆ? ಸರ್ಕಾರದ ದುಡ್ಡಿನಲ್ಲಿ ಕಲಿತು ವಿಮಾನ ಹತ್ತಿದವರು ಈ ಗುಂಪಿನಲ್ಲೂ ಇದ್ದಾರೆ. ಬೇಸರ ಮಾಡಿಕೊಳ್ಳಬೇಡಿ, ಇದ್ದದ್ದನ್ನು ಹೇಳಿದೆ.

ಲಿಲ್ಲಿ, 8.41
ಶೈಲಜಾ ಹೇಳಿದ್ದು ಅವಳೊಬ್ಬಳ ಗೋಳಲ್ಲ. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯಾದವರ ವಾರ್ಡಿನಲ್ಲಿ ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಮೂವತ್ತು ದಿನದೊಳಗಿನ ಸಾವಿನ ಸಂಭವ ಶೇಕಡಾ 7ರಷ್ಟು ಏರುತ್ತದೆ. ಅಲ್ಲಿ ಲೆಕ್ಕ ಹಾಕಿದ್ದು ನಾಲ್ಕರಿಂದ ಎಂಟು ರೋಗಿಗಳವರೆಗೆ. ನಲವತ್ತಕ್ಕೆ ಲೆಕ್ಕ ಹಾಕಿದವರಿಲ್ಲ.

ನಸೀಮಾ, 8.55
ನನಗೇ ಹೇಳಿದ್ದೆಂದು ಗೊತ್ತಾಯಿತು ಶೈಲಾ. ಬೇಸರವಾಗಿದೆ, ಮುಚ್ಚಿಡುವುದಿಲ್ಲ.

2001ರಲ್ಲಿ ನನಗೆ ಖಾಸಗಿ ಆಸ್ಪತ್ರೆಯಲ್ಲಿ ತಿಂಗಳಿಗೆ 1,800 ರೂಪಾಯಿ. ಮೂಲ ಅಂಕಪಟ್ಟಿ ಅವರ ಬೀರುವಿನಲ್ಲಿ. ಅಬ್ಬಾ ತೀರಿಕೊಂಡಾಗ ಮೂರು ದಿನ ಕೇಳಿದೆ, ಒಂದು ದಿನ ರಜೆ ಕೊಟ್ಟರು. ಸರ್ಕಾರಿ ನೇಮಕಾತಿಗೆ ಮೂರು ವರ್ಷ ಕಾದೆ, ಕರೆಯಲೇ ಇಲ್ಲ. ಇಬ್ಬರು ತಂಗಿಯರ ಮದುವೆ ನನ್ನ ತಲೆಯ ಮೇಲಿತ್ತು. ನಾನು ಬಿಟ್ಟು ಓಡಿದವಳಲ್ಲ, ನನ್ನನ್ನು ಇರು ಎಂದವರೇ ಇರಲಿಲ್ಲ.

ಶೈಲಜಾ, 8.57
ತಪ್ಪಾಯಿತು ನಸೀಮಾ. ಸಿಟ್ಟು ಬೇರೆಯವರ ಮೇಲಿತ್ತು, ನಿನ್ನ ಮೇಲೆ ಹಾಕಿದೆ.

ನಸೀಮಾ, 9.06
ಇರಲಿ. ನಾನಿರುವ ಕಡೆಯದನ್ನು ಹೇಳುತ್ತೇನೆ, ಉಪಯೋಗಕ್ಕೆ ಬಂದೀತು. ಬ್ರಿಟನ್ನಿನ ವೇಲ್ಸ್‌ನಲ್ಲಿ ನರ್ಸಿಂಗ್ ಓದುವವರ ಶುಲ್ಕವನ್ನು ಸರ್ಕಾರ ಕಟ್ಟುತ್ತದೆ. ಮುಗಿದ ಮೇಲೆ ಎರಡು ವರ್ಷ ವೇಲ್ಸ್‌ನಲ್ಲೇ ಕೆಲಸ ಮಾಡುತ್ತೇನೆಂದು ಒಪ್ಪಿರಬೇಕು. ಪಕ್ಕದ ಇಂಗ್ಲೆಂಡಿನಲ್ಲಿ 2017ರಲ್ಲಿ ಆ ನೆರವನ್ನು ತೆಗೆದುಹಾಕಿದರು. ಅರ್ಜಿ ಹಾಕುವವರು ಕಡಿಮೆಯಾದರು. 2020ರಲ್ಲಿ ವರ್ಷಕ್ಕೆ 5,000 ಪೌಂಡ್ ಕೊಡಲು ಮತ್ತೆ ತೊಡಗಬೇಕಾಯಿತು. ಹಾಗಾಗಿ ಓದಿಗೆ ಹಾಕಿದ ಹಣ ವ್ಯರ್ಥ ಎಂದು ನಾನು ಒಪ್ಪುವುದಿಲ್ಲ, ರೇಣುಕಾಳ ಸಂತೋಷ ನ್ಯಾಯವಾದದ್ದು. ಆದರೆ ಓದಿಸಿ ಕೈ ತೊಳೆದುಕೊಂಡರೆ ಇಲ್ಲೂ ಜನ ಉಳಿಯುವುದಿಲ್ಲ. ಹೋದ ಡಿಸೆಂಬರ್ 15ರಂದು ಇಲ್ಲಿನ ನರ್ಸ್‌ಗಳ ಸಂಘವಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಮುಷ್ಕರಕ್ಕೆ ಕರೆ ಕೊಟ್ಟಿತು. ಆ ಚಳಿಯಲ್ಲಿ ನಾನೂ ಹೊರಗೆ ಫಲಕ ಹಿಡಿದು ನಿಂತಿದ್ದೆ. ಆ ಸಂಘದ 106 ವರ್ಷಗಳಲ್ಲಿ ಅಷ್ಟು ದೊಡ್ಡ ಮುಷ್ಕರ ನಡೆದಿರಲಿಲ್ಲ.

ಮಂಜುಳಾ (ಅಡ್ಮಿನ್), 9.10
ಹಾಗಾದರೆ ನಮ್ಮಲ್ಲೂ ಎರಡು ವರ್ಷದ ಬಾಂಡ್ ಬರೆಸಿಕೊಳ್ಳಲಿ.

ಬಸವರಾಜ, 9.14
ಬರೆಸಿಕೊಳ್ಳುವವರು ಆ ಎರಡು ವರ್ಷ ಕೆಲಸವನ್ನೂ ಕೊಡಬೇಕಲ್ಲ ಮಂಜುಳಾ. ನಾನು 2009ರಿಂದ ಗುತ್ತಿಗೆಯಲ್ಲಿದ್ದೇನೆ. ಪ್ರತಿ ಮಾರ್ಚ್ ಕೊನೆಗೆ ಒಪ್ಪಂದ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಹೊಸ ಕಾಗದಕ್ಕೆ ಸಹಿ. ಹದಿನಾಲ್ಕು ವರ್ಷದಲ್ಲಿ ಹದಿನಾಲ್ಕು ಸಲ ಹೊಸಬ. ಕೋವಿಡ್ ವಾರ್ಡಿನಲ್ಲಿ ಕಾಯಂ ಸಿಸ್ಟರ್ ಪಕ್ಕದಲ್ಲೇ ಅದೇ ಪಿಪಿಇ ತೊಟ್ಟು ನಿಂತೆ, ಸಂಬಳ ಅವರ ಅರ್ಧಕ್ಕೂ ಕಡಿಮೆ. ಈ ಫೆಬ್ರುವರಿಯಲ್ಲಿ ಗುತ್ತಿಗೆಯವರು ಕಾಯಂ ಮಾಡಿ ಎಂದು ಬೆಂಗಳೂರಿನಲ್ಲಿ ಧರಣಿ ಕುಳಿತಾಗ ಎರಡು ರಾತ್ರಿ ನಾನೂ ಅಲ್ಲಿ ಮಲಗಿದ್ದೆ. ನಾನು ಎಲ್ಲಿಗೂ ಓಡುವವನಲ್ಲ, ನನಗೆ ಬಾಂಡ್ ಬೇಕಾಗಿಲ್ಲ.

ಲಿಲ್ಲಿ, 9.22
ಖಾಸಗಿಯವರ ವಿಷಯವೂ ಗೊತ್ತಿರಲಿ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 50 ಹಾಸಿಗೆಗಿಂತ ಚಿಕ್ಕದರಲ್ಲೂ 20,000ಕ್ಕೆ ಕಡಿಮೆ ಇಲ್ಲ ಎಂದು ಆ ಸಮಿತಿ ಹೇಳಿತು. ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿ. ಕೇರಳದ ನರ್ಸ್‌ಗಳು ಬೀದಿಗಿಳಿದು 2018ರಲ್ಲಿ 20,000 ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿಕೊಂಡರು. ನನ್ನ ವಿದ್ಯಾರ್ಥಿನಿಯರು ಪಾಸಾಗಿ ಮೊದಲ ಸಂಬಳ ಎಷ್ಟೆಂದು ಫೋನ್ ಮಾಡಿ ಹೇಳಿದಾಗ ಅಭಿನಂದನೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಗಂಗಮ್ಮ ಮೇಡಂ, 9.45
ಎಲ್ಲವನ್ನೂ ಓದಿದೆ ಮಕ್ಕಳೇ. ಕಣ್ಣು ಮಂಜಾಗಿದೆ, ಮೊಮ್ಮಗ ಟೈಪ್ ಮಾಡುತ್ತಿದ್ದಾನೆ.

ನೀವು ಮಾಡಿ ಕಲಿತದ್ದನ್ನು ಬರೆದಿಡುವ ಪ್ರೊಸೀಜರ್ ಪುಸ್ತಕಕ್ಕೆ ನಿಮ್ಮ ಟೀಚರಾಗಿ, ಸಿಸ್ಟರ್ ಟ್ಯೂಟರ್ ಎಂದು ನಾನು ಸಹಿ ಹಾಕುತ್ತಿದ್ದೆ. ಅದಕ್ಕೂ ಮೊದಲು ವಾರ್ಡ್ ಸಿಸ್ಟರ್ ನಿಮ್ಮ ಪಕ್ಕದಲ್ಲಿ ನಿಂತು ನೋಡಿರುತ್ತಿದ್ದರು. ನಿಮಗೆ ಅರ್ಧ ಕಲಿಸಿದವರು ಅವರೇ. ಅವರಿಗೆ ಆಗ ನಿಲ್ಲುವಷ್ಟು ಹೊತ್ತು ಇತ್ತು. ಈ ಹೊಸ ಕಾಲೇಜುಗಳು ಮೆಡಿಕಲ್ ಕಾಲೇಜಿನ ಜೊತೆಯಲ್ಲೇ ಬರುತ್ತವೆ ಎಂದು ಓದಿದೆ. ಅದು ಸರಿಯಾದ ಯೋಚನೆ, ರೋಗಿ ಇರುವಲ್ಲೇ ನರ್ಸಿಂಗ್ ಕಲಿಯಬೇಕು. ಆದರೆ ಆ ಆಸ್ಪತ್ರೆಯ ವಾರ್ಡಿನಲ್ಲಿ ಶೈಲಜಾಳಂತೆ ಒಬ್ಬಳೇ ಇದ್ದರೆ ಏನಾಗುತ್ತದೆ ಗೊತ್ತೇ? ನೂರು ಮಕ್ಕಳು ಬಂದರು, ಇನ್ನು ಸಿಸ್ಟರ್ ಏಕೆ ಎನ್ನುತ್ತಾರೆ. ಎರಡನೆಯ ವರ್ಷದ ಹುಡುಗಿಯರ ಕೈಗೆ ಇಂಜೆಕ್ಷನ್ ಟ್ರೇ ಕೊಟ್ಟು ರಾತ್ರಿ ಪಾಳಿಗೆ ನಿಲ್ಲಿಸುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತಡೆಯಲು ಹೋಗಿ ವರ್ಗಾವಣೆಯನ್ನೂ ಅನುಭವಿಸಿದ್ದೇನೆ. ಕಲಿಸಲು ಬೇರೆ, ಉಳಿಸಿಕೊಳ್ಳಲು ಬೇರೆ ಎಂದು ನೀವು ದುಡ್ಡನ್ನು ಎರಡು ಪಾಲು ಮಾಡಿ ಜಗಳವಾಡುತ್ತಿದ್ದೀರಿ. ವಾರ್ಡಿಗೆ ಸಿಸ್ಟರ್ ನೇಮಿಸಿದರೆ ಕಾಲೇಜಿಗೂ ಒಬ್ಬ ಗುರು ಸಿಕ್ಕಂತೆ.

ಶೈಲಜಾ, 9.50
ಮೇಡಂ, ಎರಡೂವರೆ ಗಂಟೆ ಹೊತ್ತಿನಿಂದ ನಾನು ಹೇಳಲು ಒದ್ದಾಡಿದ್ದು ಇದನ್ನೇ.

ಬಸವರಾಜ, 9.53
ಕಾಲೇಜು ಕಟ್ಟಲು ಕೇಂದ್ರ ದುಡ್ಡು ಕೊಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಹುದ್ದೆ ಮಂಜೂರು ಮಾಡುವುದು, ಸಂಬಳ ಕೊಡುವುದು ರಾಜ್ಯ. ಈಗ ಮತ ಕೇಳುತ್ತ ಮನೆ ಬಾಗಿಲಿಗೆ ಬರುತ್ತಿದ್ದಾರೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಜೂರಾದ ನರ್ಸ್ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಪ್ರತಿಯೊಬ್ಬರನ್ನೂ ಕೇಳೋಣ.

ಮಂಜುಳಾ (ಅಡ್ಮಿನ್), 9.55
ಇದು ಪಕ್ಷದ ಮಾತಲ್ಲ. ಕೇಳಿ. ನಾನೂ ಕೇಳುತ್ತೇನೆ.

ರೇಣುಕಾ, 10.02
ಇಷ್ಟೆಲ್ಲ ಇದ್ದರೂ ನೀನೇಕೆ ಬಿಡಲಿಲ್ಲ ಶೈಲಾ? ನಿಜ ಹೇಳು, ಮಗಳು ಪಕ್ಕದಲ್ಲೇ ಕುಳಿತು ಓದುತ್ತಿದ್ದಾಳೆ.

ಶೈಲಜಾ, 10.08
ರಾಜೀನಾಮೆ ಎರಡು ಸಲ ಬರೆದೆ, ಕೊಡಲಿಲ್ಲ. ನನಗೆ ಕಾಯಂ ಹುದ್ದೆ ಇತ್ತು. ಹೆರಿಗೆ ರಜೆ ಸಿಕ್ಕಿತು, ತಿಂಗಳು ತಿಂಗಳು ಸಂಬಳ ಬಂತು, ಬ್ಯಾಂಕಿನವರು ಮನೆಸಾಲ ಕೊಟ್ಟರು. ಕೆಲಸದ ಮೇಲೆ ಪ್ರೀತಿಯೂ ಇತ್ತು. ಆದರೆ ಆ ಏಳು ತಿಂಗಳ ಹುಡುಗಿಗೂ ಅದೇ ಪ್ರೀತಿ ಇತ್ತು, ಅವಳಿಗೆ ಮಿಕ್ಕಿದ್ದು ಯಾವುದೂ ಇರಲಿಲ್ಲ.

ರೇಣುಕಾ, 10.10
ಸೇರಿಸಲೇ, ಬೇಡವೇ?

ಲಿಲ್ಲಿ, 10.13
ಸೇರಿಸು. ಕಾಲೇಜಿನ ಕಟ್ಟಡ ನೋಡಿ ಮರುಳಾಗಬೇಡ. ವಾರ್ಡಿನ ಕಲಿಕೆಗೆ ಯಾವ ಆಸ್ಪತ್ರೆಗೆ ಕಳುಹಿಸುತ್ತೀರಿ, ಅಲ್ಲಿ ಎಷ್ಟು ಹಾಸಿಗೆ ತುಂಬಿರುತ್ತದೆ, ಒಂದು ಹಾಸಿಗೆಯ ಬಳಿ ಎಷ್ಟು ಮಕ್ಕಳನ್ನು ನಿಲ್ಲಿಸುತ್ತೀರಿ ಎಂದು ಕೇಳು. ಉತ್ತರಿಸಲು ತಡವರಿಸಿದರೆ ಎದ್ದು ಬಾ.

ಶೈಲಜಾ, 10.16
ಮಂಗಳವಾರ ನನಗೆ ಬೆಳಗಿನ ಪಾಳಿ. ಎಂಟು ಗಂಟೆಗೆ ರಾತ್ರಿಯವರು ನಮಗೆ ಚಾರ್ಜ್ ಕೊಡುತ್ತಾರೆ. ಸೂಪರಿಂಟೆಂಡೆಂಟ್ ಅವರ ಒಪ್ಪಿಗೆ ಪಡೆದಿರುತ್ತೇನೆ, ಮಗಳನ್ನು ಕರೆದುಕೊಂಡು ಬಾ. ಒಂದೊಂದು ಹಾಸಿಗೆಯ ಮುಂದೆ ನಿಂತು ನಾವು ಏನು ಮಾತನಾಡಿಕೊಳ್ಳುತ್ತೇವೆ ಎಂದು ಕೇಳಿಸಿಕೊಳ್ಳಲಿ.

ರೇಣುಕಾ, 10.19
ಆರೂಕಾಲಿನ ಬಸ್ಸಿಗೆ ಹೊರಡುತ್ತೇವೆ. ಅವಳು ಏನು ತರಬೇಕು ಎಂದು ಕೇಳುತ್ತಿದ್ದಾಳೆ.

ಶೈಲಜಾ, 10.20
ಏನೂ ಬೇಡ. ನಡೆದರೆ ಸದ್ದಾಗದ ಚಪ್ಪಲಿ ಹಾಕಿಕೊಂಡು ಬರಲಿ. ಆ ಹೊತ್ತಿಗೆ ರೋಗಿಗಳಲ್ಲಿ ಅರ್ಧ ಜನ ಆಗ ತಾನೇ ನಿದ್ದೆ ಹೋಗಿರುತ್ತಾರೆ.