ಗ್ರಾಮ ಪಂಚಾಯ್ತಿ ಸ್ಥಾಯಿ ಸಮಿತಿಗಳ ಅಧ್ಯಕ್ಷರನ್ನು ಸದಸ್ಯರೇ ಆರಿಸಬೇಕಲ್ವಾ?

ಅಂಕೋಲಾ ಕಡಲತೀರ:
1993ರ ಪಂಚಾಯತ್ ರಾಜ್ ಕಾಯ್ದೆಯ 61ನೇ ಕಲಮಿನಂತೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಮೂರು ಸ್ಥಾಯಿ ಸಮಿತಿ ಇರಬೇಕು. ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯಗಳ ಸಮಿತಿ. ಒಂದೊಂದರಲ್ಲಿ ಮೂರರಿಂದ ಐದು ಜನ. ಆದರೆ ಸಮಿತಿಯ ಅಧ್ಯಕ್ಷರಿಗೆ ಚುನಾವಣೆಯೇ ಇಲ್ಲ. ಉತ್ಪಾದನೆಗೂ ಸೌಕರ್ಯಕ್ಕೂ ಪಂಚಾಯ್ತಿ ಅಧ್ಯಕ್ಷರೇ ಅಧ್ಯಕ್ಷರು. ಸಾಮಾಜಿಕ ನ್ಯಾಯಕ್ಕೆ ಉಪಾಧ್ಯಕ್ಷರು. ರಸ್ತೆ, ನೀರು, ಶಾಲೆ, ಕೃಷಿ, ಎಲ್ಲ ಒಬ್ಬರ ಕೈಯಲ್ಲಿ. ಅವರ ಕೆಲಸವನ್ನು ಪ್ರಶ್ನಿಸಬೇಕಾದ ಸಮಿತಿಗೂ ಅವರೇ ಮುಖ್ಯಸ್ಥರಾದರೆ ಕೇಳುವವರು ಯಾರು? ಸಮಿತಿಯ ಸದಸ್ಯರೇ ತಮ್ಮೊಳಗಿಂದ ಒಬ್ಬರನ್ನು ಆರಿಸಲಿ ಅನ್ನುವುದು ನನ್ನ ವಾದ.

ಜೋಯಿಡಾ ಕಾಡಂಚು:
ನಿಮ್ಮ ಕಡೆ ಊರು ದೊಡ್ಡದು, ಅದಕ್ಕೇ ಹೀಗೆ ಅನಿಸುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 2,500 ಜನಸಂಖ್ಯೆಗೂ ಒಂದು ಪಂಚಾಯ್ತಿ ಮಾಡಬಹುದು. 400 ಜನರಿಗೆ ಒಬ್ಬ ಸದಸ್ಯ. ಅಂದರೆ ಆರೇಳು ಜನರ ಪಂಚಾಯ್ತಿಯೂ ಇರಬಹುದು. ಅಷ್ಟೇ ಜನ ಮೂರು ಸಮಿತಿಯಲ್ಲಿ ಕೂರಬೇಕು. ಅಲ್ಲಿ ಮತ್ತೆ ಮೂರು ಚುನಾವಣೆ ಮಾಡಿದರೆ ಸುಮ್ನೆ ಹುದ್ದೆ ಹಂಚಿಕೆಯ ಮಾತುಕತೆ ಶುರುವಾಗುತ್ತದೆ. ಬೇರೆ ಬೇರೆ ಹಳ್ಳಿಯಿಂದ ಕಾಡು ದಾಟಿ ಬರುವ ಸದಸ್ಯರು ತಿಂಗಳಿಗೆ ಒಂದು ಸಭೆಗೆ ಬಂದರೇ ದೊಡ್ಡದು.

ಕಾರವಾರ ವಕೀಲ:
ಜೋಯಿಡಾದವರ ಮಾತಿನಲ್ಲಿ ಸತ್ಯ ಇದೆ. ಆದರೂ ಜಿಲ್ಲಾ ಪಂಚಾಯ್ತಿಯ ನಿಯಮ ನೋಡಿ. ಅಲ್ಲಿ ಐದು ಸ್ಥಾಯಿ ಸಮಿತಿ. ಹಣಕಾಸಿನ ಸಮಿತಿಗೆ ಅಧ್ಯಕ್ಷರು, ಸಾಮಾನ್ಯ ಸಮಿತಿಗೆ ಉಪಾಧ್ಯಕ್ಷರು. ಸಾಮಾಜಿಕ ನ್ಯಾಯ, ಶಿಕ್ಷಣ ಮತ್ತು ಆರೋಗ್ಯ, ಕೃಷಿ ಮತ್ತು ಕೈಗಾರಿಕೆ, ಈ ಮೂರಕ್ಕೆ ಬೇರೆ ಸದಸ್ಯರನ್ನು ಆರಿಸುತ್ತಾರೆ. ಆ ಮಾದರಿ ಕೆಳಗೂ ಬರಬಹುದು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೆ ಜಿಲ್ಲಾ ಪಂಚಾಯ್ತಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಆಡಳಿತಾಧಿಕಾರಿಗಳೇ ಕೂತರು. ಇದು ನನಗೆ ನಿಜವಾಗಿ ಕೋಪ ತರಿಸುವ ವಿಷಯ.

ಹೊನ್ನಾವರದ ಮಾಜಿ ಉಪಾಧ್ಯಕ್ಷೆ:
ನಾನು ಇದಕ್ಕೆ ಒಪ್ಪುವುದಿಲ್ಲ. ಮೀಸಲಾತಿಯಿಂದ ಉಪಾಧ್ಯಕ್ಷೆಯಾದೆ. ಸಾಮಾಜಿಕ ನ್ಯಾಯ ಸಮಿತಿಯ ಕುರ್ಚಿ ಕಾಯ್ದೆಯಿಂದಲೇ ಬಂತು, ಯಾರ ಮನೆಯ ಜಗಲಿಗೂ ಹೋಗಿ ಕೇಳಬೇಕಾಗಲಿಲ್ಲ. ಸದಸ್ಯರು ಆರಿಸುವುದಾಗಿದ್ದರೆ ನನ್ನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಪಂಚಾಯ್ತಿ ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಗೆ ಮೀಸಲಾತಿ ಇದೆ. 2010ರಿಂದ ಮಹಿಳೆಯರಿಗೆ ಅರ್ಧದಷ್ಟು ಪಾಲಿದೆ. ಸಮಿತಿ ಅಧ್ಯಕ್ಷರಿಗೆ ಮೀಸಲಾತಿಯೇ ಇಲ್ಲ. ನೀವು ಕೇಳುವ ಚುನಾವಣೆ ಬಂದರೆ ಸಮಿತಿಗಳು ಮತ್ತೆ ಊರಿನ ಗಟ್ಟಿ ಕುಳಗಳ ಪಾಲಾಗುತ್ತವೆ.

ಅಂಕೋಲಾ ಕಡಲತೀರ:
ಅಕ್ಕಾ, ಸಾಮಾಜಿಕ ನ್ಯಾಯ ಸಮಿತಿ ಈಗಿರುವ ಹಾಗೇ ಇರಲಿ. ಉಳಿದ ಎರಡರ ಬಗ್ಗೆ ಮಾತ್ರ ಕೇಳುತ್ತೇನೆ. ಉತ್ಪಾದನಾ ಸಮಿತಿಯಲ್ಲಿ ಸಹಕಾರ ಸಂಘದ ಒಬ್ಬ ಪ್ರತಿನಿಧಿಯನ್ನು ಸೇರಿಸಿಕೊಳ್ಳಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕರಾವಳಿಯಲ್ಲಿ ಮೀನುಗಾರರ ಸಂಘ, ಘಟ್ಟದ ಮೇಲೆ ಅಡಿಕೆಯವರ ಸಂಘ. ಒಣಮೀನು ಹರಡಲು ಜಾಗ ಬೇಕು, ಐಸ್ ಬೇಕು, ದೋಣಿ ಎಳೆಯುವ ದಾರಿ ಬೇಕು. ಇದನ್ನೆಲ್ಲ ದಿನವೂ ನೋಡುವ ಸದಸ್ಯ ಸಭೆ ನಡೆಸಿದರೆ ಆ ಮಾತು ಕೊನೆಯ ಐದು ನಿಮಿಷಕ್ಕೆ ಉಳಿಯುವುದಿಲ್ಲ.

ಶಿರಸಿ ಪೇಟೆ:
ಸರಿ, ಚುನಾವಣೆ ಬೇಕು ಅಂದ್ರಿ. ಹೇಗೆ? ಗುಪ್ತ ಮತವೋ, ಕೈ ಎತ್ತುವುದೋ? ನಮ್ಮ ನಗರಸಭೆಯಲ್ಲಿ 31 ವಾರ್ಡ್. ಅಧ್ಯಕ್ಷರ ಆಯ್ಕೆ ಕೈ ಎತ್ತಿ ನಡೆಯುತ್ತದೆ, ಶಾಸಕರಿಗೂ ಸಂಸದರಿಗೂ ಮತ ಇದೆ, ನಾಮನಿರ್ದೇಶಿತರಿಗೆ ಇಲ್ಲ. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಮೀರಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವಕ್ಕೇ ಕುತ್ತು. ಆದರೆ ಯಾರು ಯಾರ ಪರ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ನನಗೆ ಅದೇ ಇಷ್ಟ. ನಾನು ಹಾಕಿದ ಮತದಿಂದ ಗೆದ್ದವರು ಒಳಗೆ ಏನು ಮಾಡಿದರು ಎಂದು ನನಗೆ ತಿಳಿಯಬೇಕು.

ಹೊನ್ನಾವರದ ಮಾಜಿ ಉಪಾಧ್ಯಕ್ಷೆ:
ಪೇಟೆಗೆ ಅದು ಸರಿ. ಹಳ್ಳಿಯಲ್ಲಿ ಕೈ ಎತ್ತುವಾಗ ಎದುರಿಗೆ ಕೂತವರು ಕೂಲಿ ಕೊಡುವವರು, ಸಾಲ ಕೊಟ್ಟವರು. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ಅಧ್ಯಕ್ಷರ ಆಯ್ಕೆಯೂ ಗುಪ್ತ ಮತದಾನದಲ್ಲೇ. ಸಮಿತಿಗೆ ಮಾತ್ರ ಬೇರೆ ರೀತಿ ಯಾಕೆ?

ಜೋಯಿಡಾ ಕಾಡಂಚು:
ಮೂರು ಜನರ ಸಮಿತಿಯಲ್ಲಿ ಗುಪ್ತ ಮತ ಎಲ್ಲಿಯ ಗುಟ್ಟು? ಎಣಿಸುವ ಮೊದಲೇ ಗೊತ್ತಾಗುತ್ತದೆ.

ಕಾರವಾರ ವಕೀಲ:
ಹಾಗಿದ್ದರೆ ಸಮಿತಿಯೊಳಗೆ ಬೇಡ, ಪಂಚಾಯ್ತಿಯ ಎಲ್ಲ ಸದಸ್ಯರೂ ಸೇರಿ ಗುಪ್ತ ಮತದಿಂದ ಆರಿಸಲಿ. ಚುನಾವಣೆ ಅಂತ ನೋಟಿಸಿನಲ್ಲೇ ಬರೆದಿರಲಿ. ಸೂಚಿಸಿದವರು, ಅನುಮೋದಿಸಿದವರ ಹೆಸರು ನಡಾವಳಿ ಪುಸ್ತಕದಲ್ಲಿ ಬರಲಿ. ಮತ ಸಮವಾದರೆ ಚೀಟಿ ಎತ್ತುವುದು, ಪಂಚಾಯ್ತಿ ಅಧ್ಯಕ್ಷರ ಚುನಾವಣೆಯಲ್ಲಿ ಮಾಡುವ ಹಾಗೆ. ಸಭೆ ನಡೆಸುವವರಿಗೆ ಎರಡನೇ ಮತ ಕೊಡಬಾರದು. ಚಿಕ್ಕ ಪಂಚಾಯ್ತಿಯಲ್ಲಿ ಒಬ್ಬರಿಗೆ ಎರಡು ಮತ ಅಂದರೆ ಚುನಾವಣೆಯೇ ಮುಗಿದ ಹಾಗೆ.

ಶಿರಸಿ ಪೇಟೆ:
ನಾನು ಕೈ ಎತ್ತುವುದನ್ನು ಬಿಡುವುದಿಲ್ಲ. ಆದರೆ ನೋಟಿಸಿನ ಮಾತಿಗೆ ಪೂರ್ತಿ ಒಪ್ಪಿಗೆ. ‘ಇತರೆ ವಿಷಯಗಳು’ ಎಂಬ ಸಾಲಿನಲ್ಲಿ ಆಯ್ಕೆ ಮುಗಿಸುವುದು ನಿಲ್ಲಬೇಕು.

ಹೊನ್ನಾವರದ ಮಾಜಿ ಉಪಾಧ್ಯಕ್ಷೆ:
ವಕೀಲರ ದಾರಿ ನನಗೂ ಆಗಬಹುದು. ಒಂದು ಷರತ್ತು. ಎರಡು ಸಮಿತಿಯಲ್ಲಿ ಒಂದಕ್ಕಾದರೂ ಮಹಿಳೆ ಅಧ್ಯಕ್ಷೆಯಾಗಬೇಕು ಎಂದು ನಿಯಮದಲ್ಲೇ ಬರೆಯಿರಿ. ಅದಿಲ್ಲದಿದ್ದರೆ ನನ್ನ ವಿರೋಧ ಇದ್ದೇ ಇದೆ.

ಅಂಕೋಲಾ ಕಡಲತೀರ:
ಆ ಷರತ್ತು ಸೇರಿಸಿಯೇ ಬರೆಯುತ್ತೇನೆ. ಕಾಯ್ದೆ ಬದಲಾಯಿಸುವುದು ವಿಧಾನಮಂಡಲದ ಕೆಲಸ, ಅದಕ್ಕೆ ಕರಡನ್ನು ಶಾಸಕರಿಗೆ ಕೊಡೋಣ. ಅಲ್ಲಿಯವರೆಗೆ ಗ್ರಾಮಸಭೆಯಲ್ಲಿ ಕೇಳಬಹುದಾದದ್ದು ಇದೆ: ಮೂರು ಸಮಿತಿ ರಚನೆಯಾಗಿದೆಯಾ, ಕಳೆದ ವರ್ಷ ಎಷ್ಟು ಸಲ ಸೇರಿತು, ಸಹಕಾರ ಸಂಘದ ಪ್ರತಿನಿಧಿ ಯಾರು. ನಡಾವಳಿ ಪುಸ್ತಕ ತೋರಿಸಿ ಅಂತ ನಾನು ನಮ್ಮೂರಲ್ಲಿ ಕೇಳುತ್ತೇನೆ. ಜೋಯಿಡಾದವರು ನಿಮ್ಮಲ್ಲೂ ಕೇಳಿ ಇಲ್ಲಿ ಬರೆಯಿರಿ.