ಪದ ಬೇಕಾಗಿದೆ: 'ಗ್ರೋನ್-ಇಶ್'ನ 'ಇಶ್'ಗೆ ಕನ್ನಡದಲ್ಲೇನು?

ಕೇಳಿದವರು:
ಅಮೆರಿಕದ ಟೀವಿ ಹಾಸ್ಯಸರಣಿಗಳ ಮೇಲಿನ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಕೊಡಬೇಕು. 2014ರ 'ಬ್ಲ್ಯಾಕ್-ಇಶ್' ಜಾನ್ಸನ್ ಎಂಬ ಕಪ್ಪು ಕುಟುಂಬದ ಕತೆ; ಅದರ ಸ್ಪಿನ್-ಆಫ್, ಅಂದರೆ ಅದರಿಂದಲೇ ಹುಟ್ಟಿದ ಇನ್ನೊಂದು ಸರಣಿ, 2018ರ 'ಗ್ರೋನ್-ಇಶ್'. ಜಾನ್ಸನ್ ಮನೆಯ ಹಿರಿಮಗಳು ಜೋಯಿ ಕಾಲೇಜು ಸೇರುತ್ತಾಳೆ, ನಡುರಾತ್ರಿ ನಡೆಯುವ ಒಂದು ಕ್ಲಾಸಿನಲ್ಲಿ ಅವಳ ಗುಂಪು ಕಟ್ಟಿಕೊಳ್ಳುತ್ತದೆ. 'ಗ್ರೋನ್' ಅಂದರೆ ಬೆಳೆದು ದೊಡ್ಡವರಾದವರು, 'ಇಶ್' ಅಂದರೆ ಹೆಚ್ಚುಕಡಿಮೆ ಹಾಗೆ. ಲೇಖಕರು ಹೆಸರನ್ನೇ ಹಿಡಿದು ಎರಡು ಪ್ಯಾರಾ ಎಳೆದಿರುವುದರಿಂದ ಹೆಸರಿಗೂ ಕನ್ನಡ ಹುಡುಕಲೇಬೇಕು. 'ದೊಡ್ಡವಳಾದಳು' ಅಂತ ಹಾಕಿದರೆ ಆರತಿ ತಟ್ಟೆ, ಚಿಗಳಿ ಎಲ್ಲ ತರಬೇಕಾಗುತ್ತದೆ. ಸ್ಪಿನ್-ಆಫ್‌ಗೂ ಪದವಿದ್ದರೆ ತಿಳಿಸಿ.

ಮೈಸೂರಿನಿಂದ:
ಸ್ಪಿನ್-ಆಫ್ ಅಂದರೆ ಟಿಸಿಲು. ಇಶ್‌ಗೆ 'ನಸು' ಇದ್ದೇ ಇದೆ: ನಸುಗೆಂಪು, ನಸುಬಿಸಿ, ನಸುನಗೆ. ಇದಕ್ಕೆಲ್ಲ ಚರ್ಚೆ ಬೇಕೇ?

ಧಾರವಾಡದಿಂದ:
ಬೇಕ್ರಿ. ನಸು ಬಣ್ಣಕ್ಕ ಹತ್ತತದ, ಮನಷ್ಯಾರಿಗೆ ಹತ್ತೂದಿಲ್ಲ. ಮೂಲ ಸರಣಿಗೆ 'ನಸುಗಪ್ಪು' ಅಂತ ಇಟ್ರ ಪೊಲೀಸರ ಕಾಣೆಯಾದವರ ಪ್ರಕಟಣೆ ಆಗತದ, 'ಎಣ್ಣೆಗೆಂಪು ಮೈಬಣ್ಣ, ದುಂಡುಮುಖ' ಅಂತಾರಲ್ಲ ಹಂಗ. ಅಲ್ಲಿ ಅಪ್ಪನ ಚಿಂತಿ ಮೈಬಣ್ಣದ್ದಲ್ಲ. ರೊಕ್ಕಸ್ಥರ ಓಣಿಯೊಳಗ ಬೆಳೆದ ಮಕ್ಕಳು ತಾವು ಯಾರು ಅನ್ನೂದನ್ನ ಮರತಾರು ಅಂತ. 'ಅರೆ' ಹಚ್ಚರಿ: ಅರೆಪ್ರೌಢೆ.

ಮೈಸೂರಿನಿಂದ:
ಅರಿಸಮಾಸ. ಅದೂ ಅಲ್ಲದೆ ಪ್ರೌಢೆ ಅಲಂಕಾರಶಾಸ್ತ್ರದ ನಾಯಿಕೆ. ಮುಗ್ಧೆ, ಮಧ್ಯೆ ಆದಮೇಲೆ ಬರುವವಳು. ಸರ್ಕಾರದ ಲೆಕ್ಕದಲ್ಲಂತೂ ಎಂಟನೇ ಕ್ಲಾಸಿಗೇ ಎಲ್ಲರೂ ಪ್ರೌಢರು.

ಧಾರವಾಡದಿಂದ:
ಅರೆಸೇನಾಪಡೆಯವರ ಮುಂದ ನಿಂತು ಅರಿಸಮಾಸ ಅಂತ ಹೇಳಿ ಬರ್ರಿ, ನೋಡೂಣು.

ನ್ಯೂಜೆರ್ಸಿಯಿಂದ:
ಯಾರೂ ಬೇರಿಗೆ ಕೈ ಹಾಕುತ್ತಿಲ್ಲ. ಇಶ್ ನಮ್ಮ 'ಇಷ್ಟು' ಅಲ್ಲವೇ? ಇಷ್ಟೇ ಇಷ್ಟು ಕಪ್ಪು, ಇಷ್ಟೇ ಇಷ್ಟು ದೊಡ್ಡವಳು. ಪದ ಕಡಲು ದಾಟಿ ಹೋಗಿದೆ.

ಮೈಸೂರಿನಿಂದ:
ಇಲ್ಲ. ಅದು ಜರ್ಮನಿಕ್ ಪ್ರತ್ಯಯ, ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಇದೆ. 'ಇಂಗ್ಲಿಷ್' ಅನ್ನುವ ಹೆಸರಿನ ಬಾಲವೇ ಅದು. ಮುಂದೆ ಹೋಗೋಣ.

ನ್ಯೂಜೆರ್ಸಿಯಿಂದ:
ಸಂಸ್ಕೃತದಿಂದ ಬಂತೆಂದರೆ ಕೈಮುಗಿಯುತ್ತೀರಿ, ಕನ್ನಡದಿಂದ ಹೋಯಿತೆಂದರೆ 'ಮುಂದೆ ಹೋಗೋಣ'. ನಿಮ್ಮಂಥವರಿಂದಲೇ ನಮ್ಮ ನುಡಿಗೆ ಈ ಪಾಡು.

ಶಿವಮೊಗ್ಗದಿಂದ:
ಜಗಳ ಆಮೇಲೆ ಆಡಿ, ಅವರಿಗೆ ಬೆಳಿಗ್ಗೆ ಪದ ಬೇಕು. ನನಗೆ 'ದೊಡ್ಡವರಂತೆ' ಸರಿ ಕಾಣುತ್ತದೆ. ದೊಡ್ಡವರ ಹಾಗೆ ಅಂತಲೂ ಆಯಿತು, 'ದೊಡ್ಡವರಂತೆ, ಯಾರು ಹೇಳಿದ್ದು!' ಅನ್ನುವ ಕೊಂಕೂ ಬಂತು. ಇಶ್‌ನ ತುಂಟತನ ಇರುವುದೇ ಅಲ್ಲಿ. ನಸು, ಅರೆ ಬರೀ ಅಳತೆ ಹೇಳುತ್ತವೆ. 'ದೊಡ್ಡವಳಂತೆ' ಬೇಡ, ಮತ್ತೆ ಆರತಿ ತಟ್ಟೆಯ ವಾಸನೆ ಹೊಡೆಯುತ್ತದೆ. ಹೇಗೂ ಐದನೇ ಸೀಸನ್ನಿನಿಂದ ಕತೆ ಅವಳ ತಮ್ಮ ಜೂನಿಯರ್ ಕಡೆಗೆ ಹೊರಳುತ್ತದೆ, ಆಗ 'ಅಳು' ಇಟ್ಟುಕೊಂಡು ಏನು ಮಾಡುತ್ತೀರಿ? ಮೂಲ ಸರಣಿಗೂ ಇದೇ ಅಚ್ಚು ನಡೆಯುತ್ತದೆ: 'ಕಪ್ಪುಜನರಂತೆ'.

ಧಾರವಾಡದಿಂದ:
ಛಲೋ ಅದ. ಆದ್ರ ಹೆಸರು ಹೆಸರಾಗೇ ಇರಲಿ ಅಂತೀನಿ. ಬಸ್ಸು, ಟಿಕೀಟು, ಕಾಲೇಜು ನುಂಗಿ ಅರಗಿಸಿಕೊಂಡ ಭಾಷಾಕ್ಕ ಒಂದು ಇಶ್ ಗಂಟಲದಾಗ ಸಿಗತದೇನು?

ಮೈಸೂರಿನಿಂದ:
ಬಸ್ಸು ವಸ್ತು. ಇದು ಪ್ರತ್ಯಯ. ಪ್ರತ್ಯಯವನ್ನು ಎರವಲು ತಂದರೆ ನಾಳೆ 'ಚೆನ್ನಾಗಿಶ್' ಅಂತೀರಿ.

ಶಿವಮೊಗ್ಗದಿಂದ:
ನಮ್ಮ ಹುಡುಗರು 'ಹತ್ತು ಗಂಟೆಯಿಶ್ ಬರ್ತೀನಿ' ಅಂತ ಆಗಲೇ ಅನ್ನುತ್ತಿದ್ದಾರೆ.

ಮೈಸೂರಿನಿಂದ:
ಅನ್ನಲಿ. ಬರೆಯದಿದ್ದರೆ ಸಾಕು.

ಕೇಳಿದವರು:
'ದೊಡ್ಡವರಂತೆ' ಹಾಕಿದೆ, ಧನ್ಯವಾದ. ಸ್ಪಿನ್-ಆಫ್‌ಗೆ 'ಕವಲು ಸರಣಿ' ಅಂತ ಬರೆದುಕೊಂಡಿದ್ದೇನೆ. ಟಿಸಿಲು ಅಂದರೆ ಸಂಪಾದಕರು ಫೋನ್ ಮಾಡುತ್ತಾರೆ. ಒಂದೇ ಬಾಕಿ. ಜೋಯಿಯ ಅಮ್ಮನ ಬಾಲ್ಯದ ಕತೆ, 2019ರ 'ಮಿಕ್ಸ್ಡ್-ಇಶ್'. 'ಬೆರಕೆಯವರಂತೆ' ಬರೆಯಲು ಕೈ ಬರುತ್ತಿಲ್ಲ.

ನ್ಯೂಜೆರ್ಸಿಯಿಂದ:
ಬೆರಕೆಸೊಪ್ಪಿನ ಸಾರು ಚಪ್ಪರಿಸುವಾಗ ಬೆರಕೆ ಬೈಗುಳ ಆಗಿರಲಿಲ್ಲ. ಅಚ್ಚಗನ್ನಡ, ಧೈರ್ಯವಾಗಿ ಬರೆಯಿರಿ.

ಮೈಸೂರಿನಿಂದ:
ಸೊಪ್ಪಿಗೆ ಸರಿ, ಮಕ್ಕಳಿಗೆ ಅಂದರೆ ಬೈಗುಳವೇ. 'ಮಿಶ್ರರಂತೆ' ಅನ್ನಿ, ಗೌರವವಾಗಿದೆ.

ಧಾರವಾಡದಿಂದ:
ಲಖನೌದ ಮಿಶ್ರಾ ಮನೆತನದವರೇನ್ರಿ?